ಹ್ಯಾಲೋವೀನ್ ಊಟದ ಮೇಜಿನ ನಡುವೆ ಏನಿಡೋದು? ಖರ್ಚು ಕಡಿಮೆ ಇರ್ಬೇಕು, ಭಯ ಮಾತ್ರ ಆಗ್ಲೇಬೇಕು

ಮೂಲೆಮನೆ

ಅಕ್ಟೋಬರ್ 31ರ ರಾತ್ರಿ ಎಂಟು ಜನ ಊಟಕ್ಕೆ ಬರ್ತಿದ್ದಾರೆ, ಜೊತೆಗೆ ಇಬ್ಬರು ಮಕ್ಕಳು. ಒಬ್ಬಳಿಗೆ ನಾಲ್ಕು ವರ್ಷ, ಇನ್ನೊಬ್ಬನಿಗೆ ಒಂಬತ್ತು. ಮೇಜು ಉದ್ದವಾಗಿದೆ, ಅಗಲ ಮಾತ್ರ 90 ಸೆಂಟಿಮೀಟರ್. ಅದರ ನಡುವೆ ಇಡೋಕೆ ಏನಾದ್ರೂ ಕೈಯಾರೆ ಮಾಡ್ಬೇಕು ಅಂತಿದ್ದೀನಿ. ಹಲ್ಲು ಕಿರಿಯೋ ಕುಂಬಳಕಾಯಿ, ಮುದ್ದು ಮುಖದ ದೆವ್ವ ಬೇಡ. ಕೋಣೆಯೊಳಗೆ ಕಾಲಿಟ್ಟವರು ಒಂದು ಕ್ಷಣ ಮಾತು ನಿಲ್ಲಿಸಿದ್ರೆ ಸಾಕು.

ಈಗಾಗಲೇ ಮನೇಲಿರೋದು: ಖಾಲಿ ಗಾಜಿನ ಬಾಟಲಿಗಳು, ಜಾಮ್ ಜಾಡಿಗಳು, ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯೋ ರಟ್ಟಿನ ಕೊಳವೆಗಳು, ಪ್ಯಾಕಿಂಗಿಗೆ ಬಂದ ಥರ್ಮಾಕೋಲ್, ಬ್ಯಾಂಡೇಜ್ ಬಟ್ಟೆ, ಅರ್ಧ ಡಬ್ಬಿ ಕಪ್ಪು ಸ್ಪ್ರೇ ಪೇಂಟ್, ಮತ್ತೆ ಯಾರೋ ಕೊಟ್ಟ ಪ್ಲಾಸ್ಟಿಕ್ ತಲೆಬುರುಡೆ. ಬುರುಡೆ ಎಷ್ಟು ಬೆಳ್ಳಗೆ ಹೊಳೆಯುತ್ತೆ ಅಂದ್ರೆ ನೋಡಿದವರಿಗೆ ನಗು ಬರುತ್ತೆ.

ಗೋಂದು, ದಾರ, ದೀಪ, ಇಷ್ಟಕ್ಕೆ ಮಾತ್ರ ದುಡ್ಡು ಬಿಚ್ಚೋ ಮನಸ್ಸು. ಎಲ್ಲಿಂದ ಶುರು ಮಾಡ್ಲಿ?

ಬತ್ತಿಪ್ರಿಯ

ಅಡುಗೆ ಯಾರದ್ದು ಅಂತ ಮೊದಲು ಹೇಳಿ. ಭಯ ಅಲ್ಲಿಂದಲೇ ಬಂದ್ರೆ ಅಲಂಕಾರದ ಖರ್ಚೂ ಉಳೀತು.

ರಾತ್ರಿಗೂಬೆ

ಹವ್ಯಾಸಿ ನಾಟಕಗಳಿಗೆ ಲೈಟ್ ಮಾಡ್ತೀನಿ, ಹಾಗಾಗಿ ನನ್ನ ಉತ್ತರ ಲೈಟಿಂದಲೇ ಶುರು.

ಕತ್ತರಿ, ಗೋಂದು ಕೈಗೆ ತಗೊಳ್ಳೋ ಮೊದಲು ರಾತ್ರಿ ಹೊತ್ತು ಆ ಕೋಣೆಯ ಮೇಲಿನ ಲೈಟ್ ಆರಿಸಿ. ಮೇಜಿನ ಮೇಲೆ ಆ ನಗು ಬರಿಸೋ ಬುರುಡೆ ಇಟ್ಟು, ಒಂದೇ ಒಂದು ಚಿಕ್ಕ ದೀಪವನ್ನ ಅದರ ಮುಂದೆ ಕೆಳಗಡೆ ಇಡಿ, ಆಮೇಲೆ ಹಿಂದೆ ಇಡಿ, ಆಮೇಲೆ ಪಕ್ಕಕ್ಕೆ ಸರಿಸಿ. ಅದೇ ಬುರುಡೆ ಪ್ರತಿ ಸಲ ಬೇರೆ ಬೇರೆ ಕಾಣುತ್ತೆ. ಸೂರ್ಯನಾಗಲಿ ಮನೆ ದೀಪವಾಗಲಿ, ಬೆಳಕು ಮೇಲಿಂದ ಬಿದ್ದ ಮುಖಗಳನ್ನೇ ನೋಡಿ ನಮ್ಮ ಕಣ್ಣಿಗೆ ರೂಢಿ. ಕೆಳಗಿಂದ ಬೆಳಕು ಬಿದ್ರೆ ಮೂಗಿನ ನೆರಳು ಹಣೆ ಕಡೆ ಹೋಗುತ್ತೆ, ಕಣ್ಣಿನ ಗುಳಿ ತಲೆಕೆಳಗಾಗಿ ತುಂಬುತ್ತೆ, ಪರಿಚಯದ ಮುಖವೂ ಅಪರಿಚಿತ ಆಗುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೇಲಿನ ಲೈಟ್ ಉರೀತಿದ್ರೆ ಮಾತ್ರ ನೀವು ಎಷ್ಟೇ ದುಡ್ಡು ಸುರಿದು ಮಾಡಿದ್ರೂ ಅದು ಆಟದ ಸಾಮಾನೇ.

ಇನ್ನು ಬಣ್ಣ. ಎಲ್ಲರೂ ಎಲ್ಲಾನೂ ಕಪ್ಪು ಬಳೀತಾರೆ. ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಕಪ್ಪು ಬಾಟಲಿ, ಕಪ್ಪು ಕೊಂಬೆ, ಕಪ್ಪು ಜೇಡ ಇಟ್ಟು ಲೈಟ್ ಆರಿಸಿದ್ರೆ ಕಾಣೋದು ಶೂನ್ಯ. ಕತ್ತಲಲ್ಲಿ ಕಾಣೋದು ತಿಳಿ ಬಣ್ಣ: ಮೂಳೆಯ ಬಿಳಿ, ಕೊಳೆತ ಹಳದಿ, ಬೂದಿ. ಕಪ್ಪು ಏನಿದ್ರೂ ಹಿನ್ನೆಲೆಗೆ, ಇಲ್ಲವೇ ಬೆಳಕು ಬಿದ್ದ ಗೋಡೆಯ ಮುಂದೆ ಆಕಾರ ತೋರಿಸೋಕೆ. ರಕ್ತ ಅಂತ ಕೆಂಪು ಬಳೀಬೇಕು ಅನ್ಕೊಂಡಿದ್ರೆ ದೀಪ ನೋಡಿ ಬಳೀರಿ. ನೀಲಿ ಅಥವಾ ಹಸಿರು ಬೆಳಕಲ್ಲಿ ಕೆಂಪು ಕಪ್ಪಾಗೇ ಕಾಣುತ್ತೆ, ಯಾಕಂದ್ರೆ ಅದು ತಿರುಗಿ ಕಳಿಸೋಕೆ ಆ ಬೆಳಕಲ್ಲಿ ಕೆಂಪೇ ಇರಲ್ಲ. ಬೆಳಕು ತೀರಾ ಮಂದ ಆದಾಗಲೂ ಕಣ್ಣು ಮೊದಲು ಕಳ್ಕೊಳ್ಳೋದು ಕೆಂಪನ್ನೇ, ಪುರ್ಕಿಂಜೆ ಪರಿಣಾಮ ಅಂತಾರೆ. ಹಳದಿ ಛಾಯೆಯ ಬೆಚ್ಚಗಿನ ದೀಪದ ಪಕ್ಕದಲ್ಲೇ ಇಟ್ರೆ ಮಾತ್ರ ಕೆಂಪಿಗೆ ಬೆಲೆ.

ಎತ್ತರ ಇನ್ನೊಂದು. ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಇರುತ್ತೆ, ಕೂತವರ ಕಣ್ಣು ಮೇಜಿನಿಂದ ಸುಮಾರು 40-45 ಸೆಂಟಿಮೀಟರ್ ಮೇಲಿರುತ್ತೆ. ನೀವು ಇಡೋ ವಸ್ತು 30ಕ್ಕಿಂತ ಕೆಳಗಿರಲಿ, ಇಲ್ಲವೇ ತೆಳ್ಳಗಿನ ಕಾಂಡದ ಮೇಲೆ 60ರ ಆಚೆ ಹೋಗಲಿ. ನಡುವಿನ ಎತ್ತರದಲ್ಲಿ ದಪ್ಪಗಿರೋದನ್ನ ಇಟ್ರೆ ಎದುರು ಕೂತವರ ಮುಖ ಮುಚ್ಚಿ, ಊಟ ಶುರುವಾಗ್ತಿದ್ದಂಗೇ ಯಾರೋ ಅದನ್ನ ಎತ್ತಿ ಕೆಳಗಿಡ್ತಾರೆ. ಅಗಲ 90 ಅಂದ್ರಿ. ಎರಡು ಕಡೆ ತಟ್ಟೆ, ಲೋಟಕ್ಕೆ 30-30 ಬಿಟ್ರೆ ನಡುವೆ ನಿಮಗೆ ಸಿಗೋದು 30 ಸೆಂಟಿಮೀಟರಿನ ಪಟ್ಟಿ, ಅಷ್ಟೇ.

ಸೂಜಿದಾರ

ರಾತ್ರಿಗೂಬೆ ಹೇಳಿದ್ದಕ್ಕೆ ಸರಿಯಾಗಿ ಹೊಂದೋದು ಗಾಳಿಯಲ್ಲಿ ನಿಂತ ದೆವ್ವ. ತಿಳಿ ಬಣ್ಣ, ಒಳಗೆ ದೀಪ ಇಡಬಹುದು, 25 ಸೆಂಟಿಮೀಟರಿಗೆ ನಿಲ್ಲಿಸಬಹುದು, ಬೇಕಾದ ಸಾಮಾನೂ ನಿಮ್ಮ ಹತ್ರ ಇದೆ.

ಮೊದಲು ಬ್ಯಾಂಡೇಜ್ ಯಾವುದು ಅಂತ ನೋಡ್ಕೊಳ್ಳಿ. ಎಳೆದ್ರೆ ಹಿಗ್ಗೋ ಕ್ರೇಪ್ ಬ್ಯಾಂಡೇಜ್ ಆದ್ರೆ ಇದಕ್ಕೆ ಬರಲ್ಲ. ಆಚೆ ಬದಿ ಕಾಣೋ ಜಾಳು ಹತ್ತಿ ಬಟ್ಟೆ ಬೇಕು. ಒಂದು ಗಿಡ್ಡ ಬಾಟಲಿ ನಿಲ್ಲಿಸಿ, ಅದರ ಬಾಯಿ ಮೇಲೆ ಚಿಕ್ಕದಾಗಿ ಊದಿದ ಬಲೂನನ್ನ ಟೇಪ್ ಹಾಕಿ ಕೂರಿಸಿ. ಅದು ತಲೆ. ಕೈಗಳು ಬೇಕಾದ್ರೆ ಬಾಟಲಿಯ ಕತ್ತಿಗೆ ತಂತಿ ಸುತ್ತಿ ಎರಡೂ ಬದಿಗೆ ಚಾಚಿ, ತುದಿ ಕೆಳಗೆ ಬಾಗಿಸಿ. ಇಡೀ ಅಚ್ಚಿನ ಮೇಲೆ, ಅದು ನಿಂತ ಜಾಗದ ಮೇಲೂ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಲ್ಲಾಂದ್ರೆ ಒಣಗಿದ ಮೇಲೆ ಎದ್ದೇಳಲ್ಲ.

ಬಿಳಿ ಗೋಂದು, ಅಂದ್ರೆ ಪಿವಿಎ, ಎಷ್ಟೋ ನೀರೂ ಅಷ್ಟೇ ಬೆರೆಸಿ. ಬಟ್ಟೆ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನದ್ದನ್ನ ಹಿಂಡಿ ತೆಗೀರಿ. ತೂತುಗಳಲ್ಲಿ ಗೋಂದಿನ ಪೊರೆ ಕೂತ್ರೆ ಊದಿ ಒಡೀರಿ. ಮೊದಲ ಪದರ ತಲೆಯಿಂದ ನೆಲಕ್ಕೆ, ಎರಡನೇದು ಅಡ್ಡಲಾಗಿ ಕೈಗಳ ಮೇಲೆ, ಮೂರನೇದು ಬರೀ ತಲೆ ಮತ್ತು ಭುಜಕ್ಕೆ. ಕೆಳಗಿನ ಅಂಚು ನೆಲಕ್ಕೆ ತಾಗಿ ಒಂದಿಷ್ಟು ಹರಡಿಕೊಂಡಿರಲಿ, ಒಣಗಿದ ಮೇಲೆ ನಿಲ್ಲೋದು ಆ ಅಂಚಿನ ಮೇಲೇ. ಒಂದು ದಿನ ಮುಟ್ಟಬೇಡಿ, ಹವೆ ತೇವ ಇದ್ರೆ ಇನ್ನೂ ಅರ್ಧ ದಿನ ಜಾಸ್ತಿ. ಆಮೇಲೆ ಬಲೂನ್ ಚುಚ್ಚಿ, ಪ್ಲಾಸ್ಟಿಕ್ ನಿಧಾನಕ್ಕೆ ಬಿಡಿಸಿ, ಬಾಟಲಿ ಹೊರಗೆ ತೆಗೀರಿ. ಒಳಗೆ ಯಾರೂ ಇಲ್ಲದೆ ಬಟ್ಟೆ ಮಾತ್ರ ನಿಂತಿರುತ್ತೆ.

ಕಣ್ಣು, ಬಾಯಿ ಬರೀಬೇಡಿ. ಬರೆದ ತಕ್ಷಣ ಅದು ಮುದ್ದಾಗುತ್ತೆ.

ಮೂಲೆಮನೆ

ಕಣ್ಣಿಲ್ಲದ ದೆವ್ವ, ಹೂಂ, ಇದು ಹಿಡಿಸ್ತು. ಗೋಂದಿನ ಬದಲು ಬಟ್ಟೆಗೆ ಹಾಕೋ ಗಂಜಿ ಆಗುತ್ತಾ? ಗೋಂದು ಹೊಳೆಯುತ್ತೆ ಅಂತ ಒಂದು ಅನುಮಾನ.

ಹಳೇಪೆಟಗಿ

ಗಂಜಿ ಆಗ್ತದ್ರಿ. ಒಂದು ಕಪ್ ನೀರಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್. ಮದಲ ತಣ್ಣನ ನೀರಾಗ ಗಂಟಿಲ್ಲದಂಗ ಕಲಸ್ಕೋರಿ, ಆಮ್ಯಾಲೆ ಕುದಸ್ರಿ, ಬಿಳೇದು ಹೋಗಿ ಪಾರದರ್ಶಕ ಆಗೂತನಕ. ಒಣಗಿದ್ರ ಹೊಳಪು ಇರೂದಿಲ್ಲ, ಅದೊಂದು ಲಾಭ. ಆದ್ರ ಹವಾ ತೇವ ಆತಂದ್ರ ದೆವ್ವ ಮಂಡಿ ಊರ್ತದ. ಮತ್ತ ಹುಳಕ್ಕ ಗಂಜಿ ಅಂದ್ರ ಭಾಳ ಪ್ರೀತಿ. ಒಂದ ರಾತ್ರಿಗೆ ಆದ್ರ ಗಂಜಿ, ಮುಂದಿನ ವರ್ಷಕ್ಕೂ ಇಡಬೇಕಂದ್ರ ಗೋಂದು.

ಇನ್ನೊಂದ್ ಮಾತು. ಬಟ್ಟಿ ಅಂಚಿಗೆ ಕತ್ತರಿ ಮುಟ್ಟಸಬ್ಯಾಡ್ರಿ. ನೀಟಾಗಿ ಕತ್ತರಸಿದ ಅಂಚು ಕಂಡ್ರ ಇದು ಈಗ ಅಂಗಡ್ಯಾಗಿಂದ ಬಂದದ ಅಂತ ಗೊತ್ತಾಗ್ತದ. ಕೈಲೇ ಹರೀರಿ, ಅಲ್ಲಲ್ಲಿ ಬಟ್ಟು ತುರುಕಿ ತೂತು ದೊಡ್ಡದು ಮಾಡ್ರಿ, ಒಂದೊಂದ ಎಳಿ ಜಗ್ಗಿ ಇಳಿಬಿಡ್ರಿ. ಗೋಂದಿಗೆ ಅದ್ದೂಕಿಂತ ಮದಲ ಗಟ್ಟಿ ಚಹಾದ ನೀರಾಗ ಒಂದ್ ತಾಸು ನೆನಸಿ ಒಣಗಸ್ರಿ. ಎಲ್ಲಾ ಒಂದ ಸಮ ಬಣ್ಣ ಹಿಡದ್ರ ಚಂದ ಅಲ್ಲ. ಮುದ್ದಿ ಮಾಡಿ ನೆನಸ್ರಿ, ಕಲಿ ಕಲಿ ಆಗ್ತದ.

ಬತ್ತಿಪ್ರಿಯ

ಈಗ ಗಂಭೀರವಾಗಿ. ದೀಪ ಅಂದ್ರೆ ಎಲ್ಲರೂ ಬ್ಯಾಟರಿ ದೀಪ ಅಂತಲೇ ಅನ್ಕೊಂಡಿದ್ದೀರಾ? ನಿಜವಾದ ಜ್ವಾಲೆ ಯಾರೋ ಹತ್ತಿರ ಹಾದುಹೋದ್ರೆ ಅಲುಗುತ್ತೆ, ಬಾಗಿಲು ತೆಗೆದ್ರೆ ಬಾಗುತ್ತೆ. ಕೋಣೆಯಲ್ಲಿ ಏನೋ ಇದೆ ಅನ್ನಿಸೋದು ಅದರಿಂದ. ಎಲ್‌ಇಡಿ ಮಿಣುಕು ಒಂದೇ ಲಯದಲ್ಲಿ ಹೋಗುತ್ತೆ, ಸ್ವಲ್ಪ ಹೊತ್ತು ನೋಡಿದ್ರೆ ಗುಟ್ಟು ಬಯಲು.

ಲ್ಯಾಬ್‌ಕೋಟು

ಮೇಜಿನ ಮೇಲೆ ಏನೇನು ಇರುತ್ತೆ ನೋಡಿ: ಗೋಂದು ಹಾಕಿ ಒಣಗಿಸಿದ ಜಾಳು ಬಟ್ಟೆ, ಒಣ ಕೊಂಬೆ, ರಟ್ಟು, ಜೇಡರ ಬಲೆ ಅಂತ ಎಳೆದ ಪಾಲಿಯೆಸ್ಟರ್ ಎಳೆ. ಇದಕ್ಕಿಂತ ಚೆನ್ನಾಗಿ ಹತ್ತಿಕೊಳ್ಳೋ ಜೋಡಣೆ ಬೇಕಂತಲೇ ಮಾಡಿದ್ರೂ ಸಿಗಲ್ಲ. ಅದರ ಮೇಲೆ ವೇಷ ಹಾಕ್ಕೊಂಡ ಜನ ಜೋಲು ತೋಳಿನ ಬಟ್ಟೆಯಲ್ಲಿ ಅಡ್ಡ ಕೈ ಚಾಚಿ ಬಡಿಸ್ತಾರೆ. ಉರಿಯೋ ಮೇಣದಬತ್ತಿಗೂ ಹತ್ತಿಕೊಳ್ಳೋ ಯಾವುದೇ ವಸ್ತುವಿಗೂ ಕನಿಷ್ಠ 30 ಸೆಂಟಿಮೀಟರ್ ಅಂತರ ಇರ್ಬೇಕು. ಮೇಲಿನ ಲೆಕ್ಕದಲ್ಲಿ ಇಡೀ ಅಲಂಕಾರಕ್ಕೆ ಸಿಗೋ ಅಗಲವೇ 30. ಅಂದ್ಮೇಲೆ ಎರಡೂ ಒಟ್ಟಿಗೆ ಇರೋಕೆ ಜಾಗವೇ ಇಲ್ಲ.

ಬತ್ತಿಪ್ರಿಯ

ಲೆಕ್ಕ ಹಾಕಿ ಬಾಯಿ ಮುಚ್ಚಿಸಿದ್ರಿ. ಸರಿ, ನನ್ನ ಬತ್ತಿಗಳು ಗೋಡೆ ಪಕ್ಕದ ಕಪಾಟಿನ ಮೇಲೆ, ಆಳದ ಗಾಜಿನ ಜಾಡಿಯೊಳಗೆ, ಸುತ್ತ ಏನೂ ಇಲ್ಲದ ಕಡೆ. ಅಲ್ಲಿಂದಲೂ ನೆರಳು ಅಲುಗುತ್ತೆ. ಆದ್ರೆ ಎಲ್‌ಇಡಿ ಪ್ಲಾಸ್ಟಿಕ್ ಜ್ವಾಲೆ ಕಣ್ಣಿಗೆ ಬೀಳಬಾರದು, ಅದು ನನ್ನ ಶರತ್ತು.

ರಾತ್ರಿಗೂಬೆ

ಅದು ಸರಿಯಾದ ಶರತ್ತು. ದೀಪ ಯಾವತ್ತೂ ಏನಾದ್ರೂ ಒಂದರ ಒಳಗೆ, ಇಲ್ಲವೇ ಹಿಂದೆ. ಕಾಣಬೇಕಾದ್ದು ಬೆಳಕು. ಬೇರೆ ಬೇರೆ ಪೊಟ್ಟಣದ ಎರಡು ಮೂರು ಎಲ್‌ಇಡಿ ಒಟ್ಟಿಗೆ ಇಟ್ರೆ ಲಯ ಒಂದಕ್ಕೊಂದು ಹೊಂದದೆ ಮಿಣುಕು ಸಹಜ ಅನ್ನಿಸುತ್ತೆ.

ಲ್ಯಾಬ್‌ಕೋಟು

ಎಲ್‌ಇಡಿ ಅಂದ ಮಾತ್ರಕ್ಕೆ ಅಪಾಯವೇ ಇಲ್ಲ ಅಂತಲ್ಲ, ಮನೇಲಿ ನಾಲ್ಕು ವರ್ಷದ ಮಗು ಇರುತ್ತೆ ಅಂದ್ರಿ. ಆ ಚಿಕ್ಕ ದೀಪಗಳಲ್ಲಿ ಸಾಮಾನ್ಯವಾಗಿ ಇರೋದು ಸಿಆರ್2032 ಅನ್ನೋ ಬಿಲ್ಲೆ ಬ್ಯಾಟರಿ. ನುಂಗಿದ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗಿನ ಚರ್ಮ ಸುಟ್ಟುಹಾಕಬಲ್ಲದು. ತಳದ ಮುಚ್ಚಳಕ್ಕೆ ಸ್ಕ್ರೂ ಇರೋದನ್ನೇ ತಗೊಳ್ಳಿ. ಇಲ್ಲದಿದ್ರೆ ಮುಚ್ಚಳದ ಮೇಲೆ ಗಟ್ಟಿ ಟೇಪ್ ಸುತ್ತಿ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಕಾದು ನೋಡೋ ಮಾತಿಲ್ಲ, ನೇರ ಆಸ್ಪತ್ರೆ.

ಅರ್ಧಡಬ್ಬಿಬಣ್ಣ

ರಟ್ಟಿನ ಕೊಳವೆ ಇದೆ ಅಂದ್ರಲ್ಲ, ಬತ್ತಿಪ್ರಿಯ ಅವರ ಶರತ್ತು ಪೂರೈಸೋದು ಅವೇ.

ಟೀ ಲೈಟ್ ಅನ್ನೋ ಈ ಚಿಕ್ಕ ದುಂಡು ದೀಪದ ಅಡ್ಡಳತೆ ಸುಮಾರು 38 ಮಿಲಿಮೀಟರ್, ಕೊಳವೆಯ ಒಳಗಿನ ಅಳತೆ ಅದಕ್ಕಿಂತ ಒಂಚೂರು ಜಾಸ್ತಿ. ಅಳತೆ ಮಾಡಿಸಿದಂಗೆ ಕೂರುತ್ತೆ. ಕೊಳವೆಗಳನ್ನ ಬೇರೆ ಬೇರೆ ಎತ್ತರಕ್ಕೆ ಕತ್ತರಿಸಿ, ಎತ್ತರ ಸಾಲದಿದ್ರೆ ಎರಡನ್ನ ಜೋಡಿಸಿ ಟೇಪ್ ಹಾಕಿ. ಮೇಲಿನ ಅಂಚನ್ನ ಅಲ್ಲಲ್ಲಿ ಹರಿದು ಓರೆ ಮಾಡಿ, ಉರಿದು ಕರಗಿದ ಬತ್ತಿಯ ಬಾಯಿ ಸಮ ಇರಲ್ಲ. ಅಂಚಿನಿಂದ ಮೂರು ಸೆಂಟಿಮೀಟರ್ ಒಳಗೆ ರಟ್ಟಿನ ಬಿಲ್ಲೆ ಅಂಟಿಸಿದ್ರೆ ದೀಪ ಅದರ ಮೇಲೆ ಕೂತು ಪ್ಲಾಸ್ಟಿಕ್ ಜ್ವಾಲೆ ಮರೆಯಾಗುತ್ತೆ.

ಕರಗಿದ ಮೇಣಕ್ಕೆ ಗ್ಲೂ ಗನ್. ಅಂಚಿನ ಮೇಲೆ ಒತ್ತಿ ಹಿಡಿದು ಹನಿ ತಾನಾಗೇ ಜಾರೋಕೆ ಬಿಡಿ, ನೀವು ಕೆಳಗೆ ಗೆರೆ ಎಳೀಬೇಡಿ. ಒಂದು ಹನಿ ತಣ್ಣಗಾದ ಮೇಲೆ ಅದರ ಪಕ್ಕ ಇನ್ನೊಂದು, ಕೆಲವು ಅರ್ಧಕ್ಕೇ ನಿಲ್ಲಲಿ, ಕೆಲವು ಬುಡ ಮುಟ್ಟಲಿ. ಬಿಸಿ ಗೋಂದು ಬೆರಳಿಗೆ ತಾಗಿದ್ರೆ ಅಂಟಿಕೊಂಡೇ ಸುಡುತ್ತೆ, ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇರಲಿ. ಆಮೇಲೆ ಕೊಳವೆ, ಹನಿ ಎಲ್ಲಾ ಸೇರಿಸಿ ಹೊಳಪಿಲ್ಲದ ಬಣ್ಣ ಎರಡು ಸಲ. ಬರೀ ಬಿಳಿ ಬೇಡ. ಬಿಳಿಗೆ ಚಿಟಿಕೆ ಹಳದಿ, ಅದಕ್ಕಿಂತ ಕಡಿಮೆ ಕಂದು. ಬುಡದ ಹತ್ರ ನೀರು ಜಾಸ್ತಿ ಹಾಕಿದ ಕಂದು ಬಣ್ಣ ಬಳಿದು ತಕ್ಷಣ ಒರೆಸಿದ್ರೆ ಸಂದಿಗಳಲ್ಲಿ ಕೊಳೆ ಕೂತಂಗಾಗುತ್ತೆ.

ಇದೇ ಹನಿಗಳನ್ನ ಗಾಜಿನ ಬಾಟಲಿ ಮೇಲೆ ಹಾಕ್ತೀನಿ ಅಂದ್ರೆ ಮೊದಲು ಬಾಟಲಿಗೆ ಬಣ್ಣ ಬಳೀರಿ. ನುಣುಪು ಗಾಜಿನಿಂದ ಬಿಸಿ ಗೋಂದು ಪೊರೆ ಕಳಚಿದಂಗೆ ಎದ್ದು ಬರುತ್ತೆ.

ಮೂಲೆಮನೆ

ಕೊಳವೆಗಳು ಖಂಡಿತ. ಥರ್ಮಾಕೋಲಿನಿಂದ ಚಿಕ್ಕ ಗೋರಿಕಲ್ಲು ಕೆತ್ತಿ, ಇರೋ ಸ್ಪ್ರೇ ಪೇಂಟ್ ಹೊಡೆದುಬಿಡ್ಲಾ?

ಅರ್ಧಡಬ್ಬಿಬಣ್ಣ

ನಿಲ್ಲಿ!! ಹೊಡೀಬೇಡಿ.

ಲ್ಯಾಬ್‌ಕೋಟು

ಥರ್ಮಾಕೋಲ್ ಅಂದ್ರೆ ಪಾಲಿಸ್ಟೈರೀನ್. ಸ್ಪ್ರೇ ಡಬ್ಬಿಯಲ್ಲಿ ಬಣ್ಣವನ್ನ ತೆಳು ಮಾಡೋಕೆ ಹಾಕಿರೋ ಅಸಿಟೋನ್, ಟಾಲ್ಯೂಈನ್ ತರದ ದ್ರಾವಕಗಳಲ್ಲಿ ಅದು ಕರಗಿಹೋಗುತ್ತೆ. ನಿಮ್ಮ ಗೋರಿಕಲ್ಲು ಕಣ್ಣೆದುರೇ ಕುಸಿಯುತ್ತೆ. ನೀರಲ್ಲಿ ಬೆರೆಯೋ ಅಕ್ರಿಲಿಕ್ ಬಣ್ಣ ಕುಂಚದಲ್ಲಿ ಬಳೀರಿ, ಏನೂ ಆಗಲ್ಲ. ಸ್ಪ್ರೇನೇ ಬೇಕು ಅಂದ್ರೆ ಮೊದಲು ಬಿಳಿ ಗೋಂದನ್ನ ಒಂದು ತೂತೂ ಬಿಡದಂಗೆ ಎರಡು ಪದರ ಬಳಿದು ಒಣಗಿಸಿ. ಹೊಡೆಯೋದು ಮನೆ ಹೊರಗೆ.

ಅರ್ಧಡಬ್ಬಿಬಣ್ಣ

ಈ ಕರಗೋ ಗುಣವನ್ನೇ ಬಳಸ್ಕೋಬಹುದು ಕೂಡ. ಗೋರಿಕಲ್ಲಿನ ಒಂದು ಮೂಲೆಗೆ ಮಾತ್ರ ದೂರದಿಂದ ಸ್ವಲ್ಪೇ ಸ್ವಲ್ಪ ಸ್ಪ್ರೇ ಬೀಳಿಸಿದ್ರೆ ಮಳೆಗಾಳಿಗೆ ಸವೆದ ಕಲ್ಲಿನ ಗುಳಿಗಳು ತಾವಾಗೇ ಬರುತ್ತೆ. ಮೊದಲು ಬೇಡದ ತುಂಡಿನ ಮೇಲೆ ಕೈ ನೋಡ್ಕೊಳ್ಳಿ. ಹೊರಗೆ ನಿಂತು, ಗಾಳಿ ನಿಮ್ಮ ಮುಖಕ್ಕೆ ಬೀಸದ ಕಡೆ. ಉಳಿದದ್ದು ಗಾಢ ಬೂದು ಅಕ್ರಿಲಿಕ್. ಒಣಗಿದ ಮೇಲೆ ಕುಂಚದಲ್ಲಿ ತಿಳಿ ಬೂದು ತಗೊಂಡು, ಕಾಗದಕ್ಕೆ ಒರೆಸಿ ಬಹುತೇಕ ಖಾಲಿ ಮಾಡಿ, ಉಬ್ಬಿದ ಅಂಚುಗಳ ಮೇಲೆ ಸುಮ್ನೆ ಸವರಿ. ಹೆಸರು, ಇಸವಿ ಕೆತ್ತಬೇಡಿ, ಓದೋಕಾಗದ ನಾಲ್ಕು ಗೀರು ಸಾಕು. ಓದೋಕಾದ್ರೆ ಜನ ಓದ್ತಾರೆ, ನಗ್ತಾರೆ.

ಬುರುಡೆ ಮರೀಬೇಡಿ. ಅದಕ್ಕೆ ನನ್ನ ಅತಿ ಇಷ್ಟದ ಉಪಾಯ ಇದೆ, ಖರ್ಚು ಅಂತೂ ಇಲ್ಲವೇ ಇಲ್ಲ. ಟಾಯ್ಲೆಟ್ ಪೇಪರಿನ ಪದರ ಬಿಡಿಸಿ ಒಂದೇ ಪದರ ಮಾಡಿ, ಅಂಗೈಯಷ್ಟು ತುಂಡು ಹರಿದು, ನೀರು ಬೆರೆಸಿದ ಬಿಳಿ ಗೋಂದು ಬಳಿದ ಬುರುಡೆ ಮೇಲೆ ಅಂಟಿಸ್ತಾ ಹೋಗಿ. ನೀಟಾಗಿ ಅಂಟಿಸಬೇಡಿ. ಕುಂಚದಿಂದ ತಳ್ಳಿ ಸುಕ್ಕು ಮಾಡಿ, ಕೆನ್ನೆಯ ಗುಳಿಗೆ ಅಡ್ಡಲಾಗಿ ಎಳೆದು ನಡುವೆ ತೂತಾಗೋಕೆ ಬಿಡಿ, ಹಲ್ಲಿನ ಮೇಲೆ ಅರ್ಧ ಮುಚ್ಚಿ. ಪೂರ್ತಿ ಒಣಗಿದ ಮೇಲೆ ಇಡೀ ತಲೆಗೆ ನೀರು ಬೆರೆಸಿದ ಕಡು ಕಂದು ಬಣ್ಣ ಸುರಿದಂಗೆ ಬಳಿದು, ಒಂದು ನಿಮಿಷ ಬಿಟ್ಟು ಚಿಂದಿಯಿಂದ ಒತ್ತಿ ತೆಗೀರಿ. ಸುಕ್ಕುಗಳಲ್ಲಿ ಕಂದು ಉಳಿಯುತ್ತೆ, ಉಬ್ಬಿನ ಮೇಲೆ ಒಣ ಚರ್ಮದ ಬಣ್ಣ. ಕಣ್ಣಿನ ಗುಳಿಗೆ ಹೊಳಪಿಲ್ಲದ ಕಪ್ಪು. ಪೇಪರ್ ಇಲ್ಲದೆ ನೇರ ಪ್ಲಾಸ್ಟಿಕ್ ಮೇಲೆ ಕಂದು ಬಳಿದ್ರೆ ಹನಿ ಹನಿಯಾಗಿ ಜಾರಿ ಹೋಗುತ್ತೆ, ನಿಲ್ಲಲ್ಲ.

ನೆಲಗಡ್ಡೆ

ಕುಂಬಳಕಾಯಿ ಬೇಡ ಅಂದ್ರಿ, ಟರ್ನಿಪ್ ಆಗುತ್ತಾ? ಈ ಹಬ್ಬ ಅಮೆರಿಕಕ್ಕೆ ಹೋಗೋ ಮೊದಲು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಮುಖ ಕೆತ್ತಿ ದೀಪ ಇಡ್ತಿದ್ದದ್ದು ಗಡ್ಡೆಗಳಲ್ಲೇ. ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿನ ಕುಂಬಳಕಾಯಿ ಸಿಕ್ತು, ದೊಡ್ಡದು, ಮೆತ್ತಗೆ, ಕೆತ್ತೋಕೆ ಸುಲಭ. ಐರ್ಲೆಂಡಿನ ಮೇಯೋ ಕೌಂಟಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಾಗೆ ಕೆತ್ತಿದ ಹಳೇ ಗಡ್ಡೆಯೊಂದರ ಅಚ್ಚು ಇದೆ. ಅದರ ಚಿತ್ರ ಹುಡುಕಿ ನೋಡಿ. ಕುಂಬಳಕಾಯಿಯ ಮುಖ ಅದರ ಮುಂದೆ ಹಾಲುಗಲ್ಲದ ಕೂಸು.

ಮೇಲ್ಭಾಗ ಕತ್ತರಿಸಿ, ಗಟ್ಟಿ ಚಮಚದಲ್ಲಿ ಒಳಗಿಂದ ಕೆರೆದು ಒಂದು ಸೆಂಟಿಮೀಟರ್ ಗೋಡೆ ಉಳಿಸಿ. ತಾಳ್ಮೆ ಬೇಕು, ಗಡ್ಡೆ ಬಲು ಗಟ್ಟಿ, ಚಾಕು ಜಾರುತ್ತೆ, ಈ ಕೆಲಸ ಮಕ್ಕಳಿಗೆ ಬೇಡ. ಚಿಕ್ಕ ಕಣ್ಣು, ಅಂಕುಡೊಂಕು ಬಾಯಿ. ನಾಲ್ಕೈದು ದಿನ ಮೊದಲೇ ಕೆತ್ತಿ ಗಾಳಿಗೆ ಇಡಿ. ಒಣಗ್ತಾ ಒಣಗ್ತಾ ಮುಖ ಒಳಗೆ ಎಳೆದುಕೊಂಡು ಮುದುಕ ಆಗುತ್ತೆ. ಕೆತ್ತಿದ ಕುಂಬಳಕಾಯಿ ವಾರದೊಳಗೆ ಬೂಷ್ಟು ಹಿಡಿದು ಕುಸಿಯೋಕೆ ಶುರು ಮಾಡುತ್ತೆ. ಇದು ಹಾಳಾಗ್ತಾ ಹೋದಷ್ಟೂ ನಮ್ಮ ಕೆಲಸಕ್ಕೆ ಒಳ್ಳೇದು. ಮೇಲೇ ಬೂಷ್ಟು ಬಂದ್ರೆ ಮಾತ್ರ ಊಟದ ಮೇಜಿಗೆ ತರಬೇಡಿ.

ಬೆಕ್ಕಿನಬಾಡಿಗೆದಾರ

ಅಂಗಡಿಯ ಜೇಡರ ಬಲೆ ಮನೇಲಿದೆ. ಹಾಕಿದ್ರೆ ಯಾವಾಗ್ಲೂ ಹತ್ತಿ ಕಿತ್ತು ಬಿಸಾಕಿದಂಗೆ ಕಾಣುತ್ತೆ. ಯಾಕೆ?

ಸೂಜಿದಾರ

ಎಳೆದದ್ದು ಸಾಲದು. ಪೊಟ್ಟಣದಲ್ಲಿರೋದರ ಕಾಲು ಭಾಗ ಕೂಡ ಜಾಸ್ತಿಯೇ. ಹೆಬ್ಬೆರಳಿನಷ್ಟು ತುಂಡು ಕಿತ್ತು, ಒಂದು ತುದಿ ಕೊಂಬೆಗೆ ಸಿಕ್ಕಿಸಿ, ಇನ್ನೊಂದನ್ನ ಒಂದು ಮಾರು ದೂರ ಎಳೀರಿ, ಎಳೆಗಳ ಹಿಂದಿನ ವಸ್ತು ಚೆನ್ನಾಗಿ ಕಾಣೋ ತನಕ. ಇನ್ನೇನು ಹರಿಯುತ್ತೆ ಅನ್ನಿಸಿದಾಗ ಸರಿಯಾಗಿದೆ ಅಂತ ಅರ್ಥ. ಬಡಿಸೋ ಪಾತ್ರೆಗಳಿಂದ ದೂರ ಇರಲಿ, ಊಟದಲ್ಲಿ ಎಳೆ ಸಿಕ್ಕಿದ್ರೆ ಆ ಭಯ ಬೇರೆ ತರದ್ದು. ನಿಮ್ಮ ಹೆಸರು ನೋಡಿದ್ರೆ ಮನೇಲಿ ಬೆಕ್ಕೂ ಇದೆ. ಬೆಕ್ಕು ನುಂಗೋ ಚಾಳಿಯದ್ದಾದ್ರೆ ಬಲೆ, ದಾರ ಎರಡೂ ಬೇಡ.

ಮೂಲೆಮನೆ

ಹೊಗೆ ಬೇಕು ಅಂತ ಒಂದು ಆಸೆ ಇದೆ. ಡ್ರೈ ಐಸ್?

ಲ್ಯಾಬ್‌ಕೋಟು

ಈ ಮೇಜಿಗೆ ನನ್ನ ಉತ್ತರ: ಬೇಡ. ಕಾರಣ ಕೇಳಿ, ಆಮೇಲೆ ನಿಮ್ಮಿಷ್ಟ.

ಡ್ರೈ ಐಸ್ ಅಂದ್ರೆ ಗಟ್ಟಿ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಬರಿಗೈಲಿ ಹಿಡಿದ್ರೆ ಚರ್ಮ ಹೆಪ್ಪುಗಟ್ಟಿ ಗಾಯ. ಬಿಸಿನೀರಿಗೆ ಹಾಕಿದ್ರೆ ಬರೋ ಬಿಳಿ ಹೊಗೆ ನಿಜಕ್ಕೂ ಮಂಜು, ಆ ಅನಿಲದ ಚಳಿಗೆ ನೀರಾವಿ ಹನಿಯಾಗಿದ್ದು. ನೋಡೋಕೆ ಸೊಗಸು, ಮೇಜಿನ ಮೇಲೆ ಹರಿದು ಅಂಚಿಂದ ಕೆಳಗೆ ಬೀಳುತ್ತೆ. ಆದ್ರೆ ಅದರ ಜೊತೆಗಿರೋ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ತೂಕ, ತಗ್ಗಿನಲ್ಲೇ ಸೇರ್ಕೊಳ್ಳುತ್ತೆ. ತಗ್ಗಿನಲ್ಲಿ ಆಡೋದು ಮಕ್ಕಳು. ಚಳಿಗೆ ಕಿಟಕಿ ಮುಚ್ಚಿದ ಕೋಣೆ ಅಂದ್ರೆ ಇನ್ನೂ ಕೆಟ್ಟದ್ದು. ಬಿಗಿ ಮುಚ್ಚಳದ ಜಾಡಿಗೆ ಹಾಕಿ ಮುಚ್ಚಿದ್ರೆ ಒತ್ತಡ ಏರಿ ಜಾಡಿ ಸಿಡಿಯುತ್ತೆ. ಇಷ್ಟೆಲ್ಲಾ ಮಾಡಿ ಸಿಗೋದು ಕೆಲವೇ ನಿಮಿಷದ ಮಂಜು, ಆಮೇಲೆ ನೀರು ತಣ್ಣಗಾಗಿ ನಿಂತುಹೋಗುತ್ತೆ. ಜನ ಬರೋ ಹೊತ್ತಿಗೆ ಸರಿಯಾಗಿ ಹಾಕೋದಕ್ಕೇ ಒಬ್ಬರು ಬೇಕು.

ಬದಲಿಗೆ ಇದನ್ನ ಮಾಡಿ. ಟಾನಿಕ್ ವಾಟರ್ ಅನ್ನೋ ಕಹಿ ಸೋಡಾ ಜಾಮ್ ಜಾಡಿಗೆ ತುಂಬಿಸಿ, ಹಿಂದೆ ಒಂದು ಚಿಕ್ಕ ಯುವಿ, ಅಂದ್ರೆ ನೇರಳಾತೀತ ಬೆಳಕಿನ, ಟಾರ್ಚ್ ಮರೆಯಾಗಿಡಿ. ಆ ಸೋಡಾದಲ್ಲಿರೋ ಕ್ವಿನೈನ್ ಅನ್ನೋ ಕಹಿ ವಸ್ತು ತಿಳಿ ನೀಲಿಯಾಗಿ ಹೊಳೆಯುತ್ತೆ. ಗ್ಯಾಸ್ ಹೋದ ಹಳೇ ಬಾಟಲಿಯದ್ದಾದ್ರೂ ಆಗುತ್ತೆ. ಟಾರ್ಚ್ ಯಾರ ಕಣ್ಣಿಗೂ ನೇರ ಬೀಳಬಾರದು. ಡಿಟರ್ಜೆಂಟಿನಲ್ಲಿ ಬಟ್ಟೆ ಬೆಳ್ಳಗೆ ಕಾಣೋಕೆ ಹಾಕಿರೋ ವಸ್ತುಗಳೂ ಯುವಿಗೆ ಹೊಳೆಯುತ್ತೆ. ಹಾಗಾಗಿ ದೆವ್ವದ ಬಟ್ಟೆಯನ್ನ ಡಿಟರ್ಜೆಂಟಿನಲ್ಲಿ ಒಗೆದು, ಚಹಾಕ್ಕೆ ಅದ್ದದೆ ಬಿಟ್ರೆ ಅದೂ ಹೊಳೆಯುತ್ತೆ. ಅತಿಥಿಗಳ ಬಿಳಿ ಅಂಗಿ ಕೂಡ, ಅದಕ್ಕೆ ನಾವೇನೂ ಮಾಡೋಕಾಗಲ್ಲ.

ಹಳೇಪೆಟಗಿ

ನನ್ನ ಚಹಾ ಸೋತಿತು ಅನ್ರಿ.

ರಾತ್ರಿಗೂಬೆ

ಸೋತಿಲ್ಲ. ಒಂದು ಮೇಜಿಗೆ ಒಂದೇ ತರದ ಬೆಳಕು. ನೀಲಿ ಹೊಳಪು ಬೇಕಂದ್ರೆ ಎಲ್ಲಾನೂ ಅದಕ್ಕೆ ಹೊಂದಿಸಿ, ಮೇಣದ ಹಳದಿ ಬೇಕಂದ್ರೆ ಯುವಿ ಮರೆತುಬಿಡಿ. ಎರಡೂ ಇಟ್ರೆ ಒಂದು ಇನ್ನೊಂದನ್ನ ತಿಂದುಹಾಕುತ್ತೆ. ಕೊಳವೆ ಬತ್ತಿ, ಒಣ ಚರ್ಮದ ಬುರುಡೆ ಮಾಡೋರಿಗೆ ಹಳದಿ ಬೆಳಕೇ ಸರಿ, ಅಲ್ಲಿ ಚಹಾ ಬಟ್ಟೆ ಗೆಲ್ಲುತ್ತೆ.

ಮೂಲೆಮನೆ

ಹಾಗಾದ್ರೆ ಹಳದಿ. ಈಗಿನ ಯೋಜನೆ ಇದು: ಸರಿಯಾಗಿ ನಡುವೆ ಬುರುಡೆ, ಎರಡು ಬದಿಗೂ ಒಂದೊಂದು ದೆವ್ವ, ಅದರ ಆಚೆ ಮೂರು ಮೂರು ಕೊಳವೆ ಬತ್ತಿ, ಎರಡೂ ತುದಿಗೆ ಗೋರಿಕಲ್ಲು, ಕೊಂಬೆ, ಬಲೆ, ಟರ್ನಿಪ್. ಕಪ್ಪು ಬಟ್ಟೆ ಹಾಸು.

ರಾತ್ರಿಗೂಬೆ

ಅರ್ಧ ತೆಗೀರಿ.

ಎರಡು ಬದಿಯೂ ಸರಿಸಮ ಇದ್ರೆ ಕಣ್ಣಿಗೆ ಅದು ಅಚ್ಚುಕಟ್ಟು, ಸಮಾರಂಭದ ಅಲಂಕಾರ. ಭಯಕ್ಕೆ ಏನೋ ಸರಿಯಿಲ್ಲ ಅನ್ನಿಸ್ಬೇಕು. ಗೋರಿಕಲ್ಲಿಗೂ ಕೊಳವೆ ಬತ್ತಿಗೂ ಒಂದೇ ಕಥೆಯಲ್ಲಿ ಕೆಲಸ ಇಲ್ಲ, ಒಂದು ಸ್ಮಶಾನದ್ದು, ಇನ್ನೊಂದು ಮನೆಯೊಳಗಿನದ್ದು. ಊಟದ ಮೇಜು ಮನೆಯೊಳಗಿದೆ, ಹಾಗಾಗಿ ಗೋರಿಕಲ್ಲು ಬಾಗಿಲ ಹೊರಗೆ ಹೋಗಲಿ. ಬುರುಡೆ, ಟರ್ನಿಪ್ ಎರಡೂ ಮುಖಗಳು, ಒಂದನ್ನ ಆರಿಸಿ.

ನಾನಾದ್ರೆ ಹೀಗೆ ಮಾಡ್ತೀನಿ. ಐದು ಬತ್ತಿಗಳ ಗುಂಪು ಮೇಜಿನ ಮೂರನೇ ಒಂದು ಭಾಗದಲ್ಲಿ, ಅದರ ಕೆಳಗೆ ಬಾಗಿಲ ಕಡೆ ಮುಖ ಮಾಡಿದ ಬುರುಡೆ. ಉಳಿದ ಉದ್ದಕ್ಕೆ ಏನೂ ಇಲ್ಲ, ಕೊನೆಯಲ್ಲಿ ಒಂದೇ ದೆವ್ವ, ಒಳಗೆ ಮಂದ ದೀಪ. ಬುರುಡೆಗೆ ಹಿಂದುಮುಂದು ಇದೆ, ಒಂದು ಸಾಲಿನವರಿಗೆ ಕಾಣೋದು ಅದರ ಬೋಳು ಹಿಂಭಾಗ ಮಾತ್ರ. ದೆವ್ವಕ್ಕೆ ಮುಖವೇ ಇಲ್ಲ, ಯಾವ ಕುರ್ಚಿಯಿಂದ ನೋಡಿದ್ರೂ ಅದು ಅವರ ಕಡೆಗೇ ತಿರುಗಿದೆ ಅನ್ನಿಸುತ್ತೆ. ಸೂಜಿದಾರ ಅವರು ಕಣ್ಣು ಬರೀಬೇಡಿ ಅಂದದ್ದು ಇಲ್ಲಿ ಇನ್ನೊಂದು ಸಲ ಕೆಲಸಕ್ಕೆ ಬರುತ್ತೆ.

ಕೊಂಬೆ ಮೇಜಿಂದ ತೆಗೆದು ಗೋಡೆ ಪಕ್ಕ ನೆಲದ ಮೇಲೆ ಭಾರದ ಜಾಡಿಯಲ್ಲಿ ನಿಲ್ಲಿಸಿ, ಬುಡಕ್ಕೆ ಮರಳೋ ಬೆಣಚು ಕಲ್ಲೋ ತುಂಬಿ. ಅದರ ಮುಂದೆ ಕೆಳಗೆ ಒಂದು ಚಿಕ್ಕ ಟಾರ್ಚ್. ದೀಪ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು, ಕೊಂಬೆ ದೀಪಕ್ಕೆ ಹತ್ತಿರ ಇದ್ದಷ್ಟೂ ನೆರಳು ದೊಡ್ಡದು. ಒಂದು ಕೈ ಉದ್ದದ ರೆಂಬೆಯಿಂದ ಇಡೀ ಗೋಡೆ ತುಂಬುತ್ತೆ.

ಅರ್ಧಡಬ್ಬಿಬಣ್ಣ

ಗೋರಿಕಲ್ಲು ಹೋಯ್ತಾ? ಇರಲಿ ಬಿಡಿ, ಬಾಗಿಲ ಹೊರಗೂ ಜನ ನೋಡ್ತಾರೆ. ಕಪ್ಪು ಬಟ್ಟೆ ಹೊಳೆಯೋ ಸ್ಯಾಟಿನ್ ಆದ್ರೆ ಬೇಡ, ಪ್ರತಿ ದೀಪವೂ ಅದರಲ್ಲಿ ಕಾಣುತ್ತೆ. ಹೊಳಪಿಲ್ಲದ ಹತ್ತಿ ಬಟ್ಟೆ ಸಾಕು.

ನೆಲಗಡ್ಡೆ

ಟರ್ನಿಪ್ಪನ್ನ ಬಾತ್‌ರೂಮಿನಲ್ಲಿ ಇಡಿ. ಯಾರೂ ನಿರೀಕ್ಷೆ ಮಾಡಿರಲ್ಲ.

ಮೂಲೆಮನೆ

😂 ಅದು ಪಕ್ಕಾ. ಒಂದು ಕೊನೆಯ ಅನುಮಾನ, ನಾಲ್ಕು ವರ್ಷದವಳು ಹೆದರಿ ಅತ್ತರೆ?

ಸೂಜಿದಾರ

ಬೆಳಗಿನ ಹೊತ್ತು ಕರೆಸಿ ಅವಳ ಕೈಲೇ ಒಂದು ಪುಟ್ಟ ದೆವ್ವ ಮಾಡಿಸಿ. ಒಳಗೆ ಬಲೂನ್ ಇತ್ತು ಅಂತ ಅವಳಿಗೆ ಗೊತ್ತಿದ್ರೆ ರಾತ್ರಿ ದೊಡ್ಡವರಿಗೆ ಅವಳೇ ಗುಟ್ಟು ಹೇಳ್ತಾಳೆ. ಬೆಳಿಗ್ಗೆ ಬರೋಕಾಗದಿದ್ರೆ ಮೇಲಿನ ಲೈಟ್ ಹಾಕಿಟ್ಟು, ಒಳಗೆ ಕರ್ಕೊಂಡು ಬಂದು ಎಲ್ಲಾ ಮುಟ್ಟೋಕೆ ಬಿಟ್ಟು, ಆಮೇಲೆ ಅವಳ ಕೈಲೇ ಸ್ವಿಚ್ ಆರಿಸಿ. ಒಡೆದ ಬಲೂನಿನ ಚೂರುಗಳನ್ನ ಮಾತ್ರ ಆಗಲೇ ಎತ್ತಿ ಕಸಕ್ಕೆ ಹಾಕಿ, ಚಿಕ್ಕ ಮಕ್ಕಳ ಗಂಟಲಿಗೆ ಅದು ಅಪಾಯ.

ಬೆಕ್ಕಿನಬಾಡಿಗೆದಾರ

ದೆವ್ವವನ್ನ ಮುಂದಿನ ವರ್ಷಕ್ಕೆ ಎತ್ತಿಡೋದು ಹೇಗೆ? ಮಡಚಬಹುದಾ? ಮತ್ತೆ ಕಪಾಟಿನ ಬಟ್ಟೆ ಮೇಲೆ ನಿಜವಾದ ಮೇಣ ಬಿದ್ರೆ?

ಸೂಜಿದಾರ

ಮಡಚಿದ್ರೆ ಮಡಿಕೆಯ ಗುರುತು ಹೋಗಲ್ಲ. ಒಳಗೆ ಕಾಗದ ಉಂಡೆ ಮಾಡಿ ತುಂಬಿ, ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ಭಾರ ಹೇರಬೇಡಿ. ಬಿಸಿಲು, ತೇವ ಎರಡೂ ತಾಗದ ಜಾಗ. ಭುಜ ಕುಸಿದಿದ್ರೆ ನೀರು ಚಿಮುಕಿಸಿ ಮತ್ತೆ ಬಾಟಲಿ ಮೇಲೆ ಕೂರಿಸಿ ಒಣಗಿಸಿದ್ರೆ ಬಹುಮಟ್ಟಿಗೆ ಆಕಾರಕ್ಕೆ ಬರುತ್ತೆ.

ಬತ್ತಿಪ್ರಿಯ

ಮೇಣದ ಪ್ರಶ್ನೆ ನನ್ನದು. ಬಿಸಿ ಇದ್ದಾಗ ಒರೆಸೋಕೆ ಹೋಗಬೇಡಿ, ಹರಡುತ್ತೆ. ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ, ಮೊಂಡು ಚಾಕುವಿನಲ್ಲಿ ಕೆರೆದು ತೆಗೀರಿ. ಉಳಿದ ಕಲೆಯ ಕೆಳಗೆ, ಮೇಲೆ ಅಚ್ಚಿಲ್ಲದ ಕಾಗದ ಇಟ್ಟು ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ, ಮೇಣ ಕಾಗದಕ್ಕೆ ಹೀರಿಕೊಳ್ಳುತ್ತೆ. ಕಾಗದ ಬದಲಾಯಿಸ್ತಾ ಇರಿ. ಕೆಂಪು ಮೇಣ ಆದ್ರೆ ಬಣ್ಣದ ಗುರುತು ಉಳಿಯಬಹುದು, ಆ ಕಪಾಟಿಗೆ ಬಿಳಿ ಬತ್ತಿಯನ್ನೇ ಇಡಿ.